ಸರ್ವರ್ ಉತ್ತರ ಕೊಟ್ಟರೂ ಪುಟ ಖಾಲಿಯೇ? ಜಾಂಗೊದಲ್ಲಿ ಕಾರ್ಸ್ ಹೊಂದಿಸಿ

ಬೇಲೂರು, ಹಳೇಬೀಡಿಗೆ ಸಿಕ್ಕ ಹೆಸರು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಗೆ ಸಿಕ್ಕಿಲ್ಲ. 13ನೇ ಶತಮಾನದ ಚೆನ್ನಕೇಶವ, ಸೋಮೇಶ್ವರ ಗುಡಿಗಳಿರುವ ಊರಿದು. ಈ ಗುಡಿಗಳ ಪರಿಚಯಕ್ಕೆ ಅಲ್ಲಿನ ವಿದ್ಯಾರ್ಥಿಗಳು ವೆಬ್ ಪುಟ ಮಾಡಹೊರಟರೆ ಎಷ್ಟು ಚೆನ್ನ! ಆದರೆ ಶಿಲ್ಪಗಳ ವಿವರ ಜಾಂಗೊ ಸರ್ವರಿನ 8000ನೇ ಪೋರ್ಟಿನಲ್ಲಿ, ಅದನ್ನು ತೋರಿಸುವ ರಿಯಾಕ್ಟ್ ಪುಟ 5173ರಲ್ಲಿ ಇದ್ದರೆ ಒಂದು ಕಡೆ ಎಡವುವುದು ಖಂಡಿತ. ಸರ್ವರ್ ಉತ್ತರ ಕೊಟ್ಟಿರುತ್ತದೆ, ಪುಟ ಮಾತ್ರ ಖಾಲಿ. ಕನ್ಸೋಲಿನಲ್ಲಿ ಕೆಂಪಕ್ಷರದ ‘ಕಾರ್ಸ್’ ದೂರು.

ತಡೆದದ್ದು ಬ್ರೌಸರ್. ಪ್ರೋಟೊಕಾಲ್, ಹೋಸ್ಟ್ ಹೆಸರು, ಪೋರ್ಟ್ ಮೂರೂ ಹೊಂದಿದರೆ ಮಾತ್ರ ಅದರ ಲೆಕ್ಕದಲ್ಲಿ ಎರಡು ವಿಳಾಸಗಳು ಒಂದೇ ಮೂಲದವು. ಲೋಕಲ್‌ಹೋಸ್ಟ್ ಮತ್ತು 127.0.0.1 ಕೂಡ ಅದಕ್ಕೆ ಬೇರೆ ಬೇರೆ. ನೀವು ಬ್ಯಾಂಕಿಗೆ ಲಾಗಿನ್ ಆಗಿರುವಾಗ ಇನ್ನಾವುದೋ ತಾಣ ನಿಮ್ಮ ಖಾತೆ ಓದದಂತೆ ಕಾಯುವುದೂ, ಬೇರೆ ಮೂಲದ ಉತ್ತರ ಓದಲು ಬಿಡದ ಇದೇ ನಿಯಮ. ‘ಈ ಪುಟ ನಮ್ಮದೇ, ಓದಲು ಬಿಡು’ ಎಂದು ಸರ್ವರ್ ಕಳಿಸುವ ಚೀಟಿಯೇ ಕಾರ್ಸ್ ಹೆಡರ್.

ಮೊದಲು ಪಿಪ್‌ನಿಂದ ‘ಜಾಂಗೊ-ಕಾರ್ಸ್-ಹೆಡರ್ಸ್’ ಹಾಕಿಕೊಳ್ಳಿ. ಸೆಟ್ಟಿಂಗ್ಸ್ ಫೈಲಿನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಗೆ ‘ಕಾರ್ಸ್‌ಹೆಡರ್ಸ್’ ಸೇರಿಸಿ.

ಮುಂದಿನದು ಮಿಡಲ್‌ವೇರ್ ಪಟ್ಟಿ. ಕಾರ್ಸ್ ಮಿಡಲ್‌ವೇರ್ ಆದಷ್ಟು ಮೇಲಿರಲಿ, ಕಾಮನ್ ಮಿಡಲ್‌ವೇರ್‌ಗಿಂತ ಮೊದಲಂತೂ ಬರಲೇಬೇಕು. ಕೆಳಗಿಟ್ಟರೆ ಕೆಲವು ಉತ್ತರಗಳು ಚೀಟಿಯಿಲ್ಲದೆಯೇ ಹೊರಟುಬಿಡುತ್ತವೆ.

ಆಮೇಲೆ ‘ಕಾರ್ಸ್ ಅಲೌಡ್ ಒರಿಜಿನ್ಸ್’ ಪಟ್ಟಿಯಲ್ಲಿ ನಿಮ್ಮ ಪುಟದ ವಿಳಾಸ ಬರೆಯಿರಿ. ಈ ಹೆಸರು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆಯೊಂದಿಗೆ ಇರಬೇಕು. ವಿಳಾಸ ಎಚ್‌ಟಿಟಿಪಿಯಿಂದ ಶುರುವಾಗಿ ಪೋರ್ಟ್ ಸಂಖ್ಯೆಗೆ ಮುಗಿಯಲಿ. ಕೊನೆಗೊಂದು ಓರೆಗೆರೆ ಉಳಿದರೂ ಜಾಂಗೊ ಒಪ್ಪುವುದಿಲ್ಲ.

ಎಲ್ಲ ಮೂಲಗಳಿಗೂ ಬಾಗಿಲು ತೆರೆಯುವ ‘ಅಲೌ ಆಲ್’ ಒಂದೇ ಸಾಲಿನ ಕೆಲಸ, ಆಸೆ ಹುಟ್ಟಿಸುತ್ತದೆ. ದಯವಿಟ್ಟು ಬೇಡ. ಅದರ ಜೊತೆ ‘ಅಲೌ ಕ್ರೆಡೆನ್ಶಿಯಲ್ಸ್’ ಕೂಡ ಆನ್ ಮಾಡಿದರೆ, ಕೇಳಿದ ಪ್ರತಿ ತಾಣದ ಹೆಸರಿಗೂ ಈ ಪ್ಯಾಕೇಜ್ ಅನುಮತಿ ಬರೆದುಕೊಡುತ್ತದೆ. ಲಾಗಿನ್ ಆದವರ ಮಾಹಿತಿ ಅಪರಿಚಿತರ ಕೈಗೆ ಸಿಗುವ ದಾರಿ ಅದು.

ಪರೀಕ್ಷೆಯನ್ನು ಬ್ರೌಸರಿನಲ್ಲೇ ಮಾಡಿ. ಕರ್ಲ್, ಪೋಸ್ಟ್‌ಮ್ಯಾನ್ ಈ ನಿಯಮ ಜಾರಿ ಮಾಡುವುದಿಲ್ಲ, ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನೆಟ್‌ವರ್ಕ್ ಟ್ಯಾಬಿನಲ್ಲಿ ‘ಆ್ಯಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್’ ಹೆಡರ್ ಬಂದಿದೆಯೇ ನೋಡಿ. ಜೇಸನ್ ರೂಪದಲ್ಲಿ ಹೊಸ ವಿವರ ಕಳಿಸುವಾಗ ಬ್ರೌಸರ್ ಮೊದಲು ‘ಆಪ್ಶನ್ಸ್’ ಕೋರಿಕೆ ಕಳಿಸಿ ಒಪ್ಪಿಗೆ ಕೇಳುತ್ತದೆ. ಅದೂ ಅಲ್ಲೇ ಕಾಣುತ್ತದೆ. ಒಪ್ಪಿಗೆ ಸಿಕ್ಕಮೇಲೂ 403 ಬಂದರೆ ಜಾಂಗೊದ ಸಿಎಸ್‌ಆರ್‌ಎಫ್ ರಕ್ಷಣೆಯ ಕಡೆ ನೋಡಿ. ಅದರ ಟ್ರಸ್ಟೆಡ್ ಒರಿಜಿನ್ಸ್ ಪಟ್ಟಿ ಬೇರೆಯೇ ಇದೆ.

ಪುಟ ಊರ ಜನರ ಫೋನಿಗೆ ತಲುಪುವ ದಿನ, ಪಟ್ಟಿಯಿಂದ 5173ರ ಸಾಲು ಅಳಿಸಿ ನಿಜವಾದ ಎಚ್‌ಟಿಟಿಪಿಎಸ್ ವಿಳಾಸ ಬರೆಯಿರಿ.