ಗೋಲಿನ ಕಾವಲುಗಾರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿ, ಕೆಂಗೇರಿಯನ್ನು ಮುಟ್ಟುವುದಕ್ಕೆ ಮೊದಲು ಜ್ಞಾನಭಾರತಿಯ ವಿಶಾಲವಾದ ಆವರಣ ಸಿಗುತ್ತದೆ. ಅಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ರಾಷ್ಟ್ರೀಯ ಹಾಕಿ ತಂಡದ ಶಿಬಿರಗಳು ಇಲ್ಲಿ ನಡೆಯುತ್ತವೆ. ಇಲ್ಲಿನ ಕೃತಕ ಹುಲ್ಲುಹಾಸಿನ ಮೇಲೆ ಅನೇಕ ವರ್ಷ ಬೆವರು ಸುರಿಸಿದವರಲ್ಲಿ ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್ ಒಬ್ಬರು.

ಹಾಕಿಯ ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಕಲ್ಲಿನಂತೆ ಗಟ್ಟಿಯಾದ ಚೆಂಡು ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಅದರತ್ತ ಬರುವುದುಂಟು. ಮುನ್ನಡೆ ಆಟಗಾರನು ಹತ್ತು ಅವಕಾಶಗಳಲ್ಲಿ ಒಂಬತ್ತನ್ನು ಕಳೆದುಕೊಂಡು ಒಂದು ಗೋಲು ಹೊಡೆದರೂ ಜನ ಅವನನ್ನು ಕೊಂಡಾಡುತ್ತಾರೆ. ಗೋಲ್‌ಕೀಪರನು ಒಂಬತ್ತನ್ನು ತಡೆದು ಒಂದನ್ನು ಬಿಟ್ಟರೆ, ಆ ಒಂದೇ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಇಂತಹ ಹೊಣೆಯನ್ನು ಕರ್ನಾಟಕದ ಆಶಿಷ್ ಬಲ್ಲಾಳರೂ ಹೊತ್ತಿದ್ದರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಅವರು ದಕ್ಷಿಣ ಕೊರಿಯದ ಎರಡು ಪೆನಾಲ್ಟಿ ಹೊಡೆತಗಳನ್ನು ತಡೆದರು. ಭಾರತಕ್ಕೆ 32 ವರ್ಷಗಳ ಬಳಿಕ ಚಿನ್ನ ದೊರೆಯಿತು.

ಶ್ರೀಜೇಶರು 1988ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ರೈತ ಕುಟುಂಬದಲ್ಲಿ ಹುಟ್ಟಿದರು. ಓಟಗಾರನಾಗಬೇಕೆಂದು ತಿರುವನಂತಪುರದ ಕ್ರೀಡಾಶಾಲೆಯನ್ನು ಸೇರಿದ ಹುಡುಗನನ್ನು ತರಬೇತುದಾರರು ಗೋಲಿನ ಮುಂದೆ ನಿಲ್ಲಿಸಿದರು. ಗೋಲ್‌ಕೀಪರನ ಕಾಲುಕವಚಗಳಿಗೆ ಹಣ ಬೇಕಾದಾಗ ತಂದೆ ಮನೆಯ ಹಸುವನ್ನೇ ಮಾರಿದರು. ಮನೆಮಂದಿಗೆ ಹಾಲೆರೆಯುತ್ತಿದ್ದ ಹಸು ಮಗನ ಕಾಲಿಗೆ ರಕ್ಷೆಯಾಯಿತು.

2006ರಲ್ಲಿ ಅವರು ರಾಷ್ಟ್ರೀಯ ತಂಡಕ್ಕೆ ಬಂದರು. ಆದರೆ ಗೋಲಿನಲ್ಲಿ ನಿಲ್ಲಲು ಒಬ್ಬನಿಗೆ ಮಾತ್ರ ಎಡೆ. ಹಿರಿಯರು ಆಡುವಾಗ ಹೊರಗೆ ಕುಳಿತು ಕಾಯಬೇಕಾಯಿತು. ಕಾದ ಬಳಿಕ ದೊರೆತದ್ದೂ ಸುಖದ ದಾರಿಯಲ್ಲ. ಎಂಟು ಸಲ ಒಲಿಂಪಿಕ್ ಚಿನ್ನ ಗೆದ್ದಿದ್ದ ಭಾರತ 2012ರ ಲಂಡನ್ ಕೂಟದಲ್ಲಿ ಹನ್ನೆರಡನೆಯದಾಗಿ, ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಆ ತಂಡದಲ್ಲಿ ಶ್ರೀಜೇಶರೂ ಇದ್ದರು. ಎರಡೇ ವರ್ಷಗಳಲ್ಲಿ, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಪಾಕಿಸ್ತಾನದ ಹೊಡೆತಗಳನ್ನು ತಡೆದು ಚಿನ್ನಕ್ಕೆ ಕಾರಣರಾದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ತಂಡದ ನಾಯಕರಾದರು. ಮರುವರ್ಷ ಮೊಣಕಾಲಿಗೆ ಪೆಟ್ಟಾಗಿ ಹಲವು ತಿಂಗಳು ಆಟದಿಂದ ದೂರ ಉಳಿದರು. ಗುಣವಾದ ಮೇಲೆ ಮತ್ತೆ ಮೊದಲಿನಿಂದ ಅಭ್ಯಾಸಕ್ಕೆ ಇಳಿದರು.

2020ರಲ್ಲಿ ಕೊರೋನಾ ಸೋಂಕು ಹರಡಿದಾಗ ತಂಡವು ಬೆಂಗಳೂರಿನ ಶಿಬಿರದಲ್ಲಿಯೇ ಉಳಿಯಬೇಕಾಯಿತು. ಟೋಕಿಯೋ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಮೈದಾನದ ಆಟ ನಿಂತುಹೋಗಿತ್ತು. ಆಟಗಾರರು ಕೋಣೆಗಳಲ್ಲಿಯೇ ವ್ಯಾಯಾಮ ಮಾಡುತ್ತ ದಿನಗಳನ್ನು ಕಳೆದರು.

2021ರ ಆಗಸ್ಟ್ 5ರಂದು ಕಂಚಿನ ಪದಕಕ್ಕಾಗಿ ಜರ್ಮನಿಯೊಡನೆ ಪಂದ್ಯ. ಒಂದಕ್ಕೆ ಮೂರು ಗೋಲುಗಳಿಂದ ಹಿಂದಿದ್ದ ಭಾರತ ಚೇತರಿಸಿಕೊಂಡು 5–4ರ ಮುನ್ನಡೆ ಪಡೆದಿತ್ತು. ಆಟ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ದೊರೆಯಿತು. ಅದು ಗೋಲಾದರೆ ಪಂದ್ಯ ಸಮನಾಗುತ್ತಿತ್ತು. ಹೊಡೆತ ಬಂದಿತು, ಶ್ರೀಜೇಶರು ಅದನ್ನು ತಡೆದರು. ನಲವತ್ತೊಂದು ವರ್ಷಗಳ ಬಳಿಕ ಭಾರತಕ್ಕೆ ಒಲಿಂಪಿಕ್ ಹಾಕಿ ಪದಕ ಬಂದಿತು. ಅವರು ಗೋಲಿನ ಚೌಕಟ್ಟನ್ನು ಏರಿ ಕುಳಿತು ಆನಂದಿಸಿದರು.

2024ರ ಪ್ಯಾರಿಸ್ ಒಲಿಂಪಿಕ್ಸ್ ಅವರ ಕೊನೆಯ ಪಂದ್ಯಾವಳಿ. ಕ್ವಾರ್ಟರ್ ಫೈನಲ್‌ನಲ್ಲಿ ಒಬ್ಬ ಆಟಗಾರನು ಕೆಂಪು ಚೀಟಿ ಪಡೆದು ಹೊರನಡೆದ ಮೇಲೆ ಭಾರತ ನಲವತ್ತು ನಿಮಿಷಗಳಿಗೂ ಹೆಚ್ಚು ಕಾಲ ಹತ್ತೇ ಜನರಿಂದ ಬ್ರಿಟನ್ನನ್ನು ಎದುರಿಸಿತು. 1–1ರಲ್ಲಿ ನಿಂತ ಪಂದ್ಯವನ್ನು ಶೂಟೌಟ್‌ನಲ್ಲಿ 4–2ರಿಂದ ಗೆದ್ದಿತು. ಆಗಸ್ಟ್ 8ರಂದು ಸ್ಪೇನ್ ತಂಡವನ್ನು 2–1ರಿಂದ ಸೋಲಿಸಿ ಮತ್ತೆ ಕಂಚು ಪಡೆಯಿತು. ಶ್ರೀಜೇಶರು ನಿವೃತ್ತರಾದರು. ಅವರು ತೊಡುತ್ತಿದ್ದ 16ನೆಯ ಸಂಖ್ಯೆಯ ಅಂಗಿಯನ್ನು ಹಿರಿಯರ ತಂಡದಲ್ಲಿ ಬೇರೆ ಯಾರಿಗೂ ಕೊಡಬಾರದೆಂದು ಹಾಕಿ ಇಂಡಿಯಾ ತೀರ್ಮಾನಿಸಿತು. 2025ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ನಿವೃತ್ತಿಯ ನಂತರ ಅವರು ಕಿರಿಯರ ತಂಡದ ತರಬೇತುದಾರರಾದರು. 2024ರ ಡಿಸೆಂಬರಿನಲ್ಲಿ ಆ ತಂಡ ಮಸ್ಕತ್‌ನಲ್ಲಿ ಜೂನಿಯರ್ ಏಷ್ಯಾ ಕಪ್ಪನ್ನು ಗೆದ್ದಿತು. ಟೋಕಿಯೋದ ಆ ಹೊಡೆತವನ್ನು ತಡೆದದ್ದು ಒಂದು ಕ್ಷಣದ ಕೆಲಸ. ಆದರೆ ಆ ಕ್ಷಣಕ್ಕೆ ಸಿದ್ಧನಾಗಲು ಒಬ್ಬ ಮನುಷ್ಯನಿಗೆ ಹದಿನೈದು ವರ್ಷಗಳ ಕಾಯುವಿಕೆ, ಸೋಲು, ಗಾಯ, ಅಭ್ಯಾಸ ಎಲ್ಲವೂ ಬೇಕಾದವು. ನೋಡುವವರಿಗೆ ಕಂಡದ್ದು ತಡೆದ ಕೈ; ಅದರ ಹಿಂದಿನ ದುಡಿಮೆಯನ್ನು ಕಂಡದ್ದು ಜ್ಞಾನಭಾರತಿಯ ಮೈದಾನದಂತಹ ನೆಲಗಳು.