ಅನಶನ ತಪವೂ ಆಲಿವ್ ಎಣ್ಣೆಯ ಉಪವಾಸವೂ

ಜಿನಶಾಸನದಲ್ಲಿ ತಪಸ್ಸು ಬಾಹ್ಯ, ಆಭ್ಯಂತರವೆಂದು ಎರಡು ಬಗೆಯಾಗಿದೆ. ಬಾಹ್ಯತಪಸ್ಸು ಆರು ವಿಧ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ ಮತ್ತು ಕಾಯಕ್ಲೇಶ. ಇವುಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಜಿಹ್ವೆಯನ್ನು ಗೆಲ್ಲದೆ ಉಳಿದ ಇಂದ್ರಿಯಗಳನ್ನು ಗೆಲ್ಲುವುದು ಕಷ್ಟವೆಂಬುದನ್ನು ಈ ಕ್ರಮವೇ ಸೂಚಿಸುತ್ತದೆ.

ಈಚಿನ ವರ್ಷಗಳಲ್ಲಿ ದೇಹದ ತೂಕವನ್ನಿಳಿಸುವ ಸಲುವಾಗಿ ಇನ್ನೊಂದು ಬಗೆಯ ಉಪವಾಸ ಪ್ರಚಾರಕ್ಕೆ ಬಂದಿದೆ. ದಿನಕ್ಕೆ 16 ಗಂಟೆಗಳ ಕಾಲ, ಅಥವಾ ಒಂದೆರಡು ದಿನ, ಅನ್ನವನ್ನು ಬಿಟ್ಟು, ಹಸಿವಾದಾಗ ಒಂದೆರಡು ಚಮಚ ಆಲಿವ್ ಎಣ್ಣೆಯನ್ನು ಸೇವಿಸುವುದು ಅದರ ರೀತಿ. ಅಷ್ಟಮಿ, ಚತುರ್ದಶಿಗಳಲ್ಲಿ ಹೇಗೂ ಉಪವಾಸವಿರುವ ಶ್ರಾವಕ-ಶ್ರಾವಿಕೆಯರಿಗೆ ಆ ಒಂದೇ ದಿನದಲ್ಲಿ ವ್ರತವನ್ನೂ ಆರೋಗ್ಯವನ್ನೂ ಸಾಧಿಸಬಹುದಲ್ಲವೆ ಎಂದು ತೋರುವುದು ಸಹಜ. ಆದ್ದರಿಂದ ಎರಡು ಪ್ರಶ್ನೆಗಳನ್ನು ವಿಚಾರಿಸಬೇಕಾಗಿದೆ. ಇದು ಉಪವಾಸವೆನಿಸುವುದೆ? ಇದರಿಂದ ಹೇಳಿದ ಫಲ ದೊರೆಯುವುದೆ?

ಶಾಸ್ತ್ರದ ನಿರ್ಣಯ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ವಿಧದ ಆಹಾರವನ್ನು ಬಿಡುವುದೇ ಉಪವಾಸವೆಂದೂ, ಒಂದು ಹೊತ್ತು ಉಣ್ಣುವುದು ಪ್ರೋಷಧವೆಂದೂ ಹೇಳಿದ್ದಾರೆ. ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೇ ಆ ನಾಲ್ಕು. ಎಣ್ಣೆಯನ್ನು ನೆಕ್ಕಿದರೆ ಲೇಹ್ಯ, ಕುಡಿದರೆ ಪೇಯ; ಹೇಗಾದರೂ ಅದು ಆಹಾರವೇ. ಅಷ್ಟೇ ಅಲ್ಲದೆ ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಎಣ್ಣೆಯೂ ಒಂದು. ರಸಪರಿತ್ಯಾಗದಲ್ಲಿ ಬಿಡುವ ವಸ್ತುವೇ ಈ ಹೊಸ ಪದ್ಧತಿಯಲ್ಲಿ ಆಧಾರವಾಗಿದೆ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳುತ್ತಾರೆ. ಕಣ್ಣಿಗೆ ಕಾಣುವ ಫಲವನ್ನು ಬಯಸದೆ, ಸಂಯಮಕ್ಕಾಗಿ, ರಾಗವನ್ನು ಕಡಿಯುವುದಕ್ಕಾಗಿ, ಕರ್ಮಕ್ಷಯಕ್ಕಾಗಿ, ಧ್ಯಾನ ಮತ್ತು ಆಗಮಜ್ಞಾನಗಳಿಗಾಗಿ ಮಾಡುವುದೇ ಅನಶನ. ತಕ್ಕಡಿಯ ಮುಳ್ಳು ತೋರಿಸುವ ತೂಕ ಕಣ್ಣಿಗೆ ಕಾಣುವ ಫಲ. ಅದನ್ನು ಬಯಸುವುದು ಪಾಪವೆಂದು ಇದರ ಅರ್ಥವಲ್ಲ. ಅದಕ್ಕೆ ಅನಶನವೆಂಬ ಹೆಸರು ಸಲ್ಲದೆಂದಷ್ಟೇ ಅರ್ಥ.

ಈ ಭೇದವನ್ನು ಕೊಪ್ಪಳ ಪ್ರಾಂತದವರಿಗೆ ವಿಸ್ತಾರವಾಗಿ ಹೇಳಬೇಕಾಗಿಲ್ಲ. ಇಂದಿನ ಕೊಪ್ಪಳವೇ ಪ್ರಾಚೀನ ಮಹಾತೀರ್ಥ ಕೊಪಣ. ಶಕ 803, ಅಂದರೆ ಕ್ರಿ.ಶ. 881ರ ಅಲ್ಲಿಯ ಶಾಸನವು, ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಇಲ್ಲಿ ನೆಲೆಸಿ, ಊರಿಗೆ ಶಾಸ್ತ್ರಬೋಧೆಯ ಉಪಕಾರ ಮಾಡಿ, ತಪಸ್ಸನ್ನಾಚರಿಸಿ ಸಂನ್ಯಸನದಿಂದ ಮುಡಿಪಿದುದನ್ನು ತಿಳಿಸುತ್ತದೆ. ಪಾಲ್ಕಿಗುಂಡಿನ ಬೆಟ್ಟದಲ್ಲಿ ಜಟಾಸಿಂಹನಂದ್ಯಾಚಾರ್ಯರ ಪಾದಗಳಿವೆ. 993ರ ಅಜಿತಪುರಾಣದಲ್ಲಿ ರನ್ನನು ಅತ್ತಿಮಬ್ಬೆಯ ಚರಿತ್ರೆಯ ಪಾವಿತ್ರ್ಯಕ್ಕೆ ಕೊಪಣಾಚಲವನ್ನೂ ಉಪಮಾನವಾಗಿ ತಂದಿದ್ದಾನೆ. ಆ ಬೆಟ್ಟಗಳಲ್ಲಿ ಆಹಾರವನ್ನು ಬಿಟ್ಟವರು ದೇಹದ ಮೇಲಣ ಮಮತೆಯನ್ನೂ ಬಿಟ್ಟಿದ್ದರು. ದೇಹವನ್ನು ಚೆಲುವಾಗಿಸಲು ಆಹಾರ ಬಿಡುವುದು ಬೇರೆಯೇ ಮಾತು.

ಎಣ್ಣೆಯ ಲೆಕ್ಕ

ಇನ್ನು ಲೌಕಿಕ ಫಲದ ವಿಚಾರ. ಕೊಬ್ಬಿನ ಒಂದು ಗ್ರಾಮಿಗೆ 9 ಕ್ಯಾಲೊರಿ, ಪಿಷ್ಟದ ಒಂದು ಗ್ರಾಮಿಗೆ 4 ಕ್ಯಾಲೊರಿ ಶಕ್ತಿಯಿದೆ. ಒಂದು ದೊಡ್ಡ ಚಮಚ ಆಲಿವ್ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಉಂಟು. ಎರಡು ಚಮಚ ಕುಡಿದವನು 240 ಕ್ಯಾಲೊರಿ ಉಂಡಂತಾಯಿತು. ಎಣ್ಣೆಯು ಸಕ್ಕರೆಯಂತೆ ರಕ್ತದ ಗ್ಲೂಕೋಸನ್ನು ಏರಿಸದೆಂಬುದು ನಿಜ. ಹಸಿವನ್ನು ಸ್ವಲ್ಪ ಹೊತ್ತು ತಡೆಯಲೂಬಹುದು. ಆದರೆ ಎಣ್ಣೆ ತಾನಾಗಿ ದೇಹದ ಕೊಬ್ಬನ್ನು ಕರಗಿಸುವುದಿಲ್ಲ. ಮೊದಲ ಒಂದೆರಡು ದಿನಗಳಲ್ಲಿ ಇಳಿಯುವ ತೂಕ ಬಹುಪಾಲು ನೀರಿನದು. ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಗ್ಲೈಕೋಜನ್ ವ್ಯಯವಾಗುವಾಗ ಅದರೊಡನಿದ್ದ ನೀರೂ ಹೋಗುತ್ತದೆ. ಪಾರಣೆಯ ತರುವಾಯ ಮರಳಿ ಬರುತ್ತದೆ.

ಆಲಿವ್ ಎಣ್ಣೆಯ ಕೀರ್ತಿ ನಿರಾಧಾರವಲ್ಲ. ಸ್ಪೇನ್ ದೇಶದಲ್ಲಿ ನಡೆದು 2013ರಲ್ಲಿ ಪ್ರಕಟವಾದ, 2018ರಲ್ಲಿ ತಿದ್ದುಪಡಿಯೊಡನೆ ಮತ್ತೆ ಪ್ರಕಟವಾದ ದೊಡ್ಡ ಅಧ್ಯಯನವು, ಆ ಎಣ್ಣೆಯುಳ್ಳ ಊಟದಿಂದ ಹೃದಯಾಘಾತ, ಪಾರ್ಶ್ವವಾಯುಗಳಂಥ ಅನಾಹುತ ಕಡಿಮೆಯಾದುದನ್ನು ಕಂಡಿತು. ಆದರೆ ಅಲ್ಲಿಯವರು ಉಪವಾಸವಿದ್ದವರಲ್ಲ. ತರಕಾರಿ, ಕಾಳು, ಹಣ್ಣುಗಳೊಡನೆ ಎಣ್ಣೆಯನ್ನು ಬಳಸಿದವರು. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಹೊಲಗಳಿಗೆ ಪರಿಚಿತವಾದ ಶೇಂಗಾದ ಎಣ್ಣೆಯಲ್ಲಿಯೂ ಸುಮಾರು ಅರ್ಧ ಭಾಗ ಅದೇ ಜಾತಿಯ ಕೊಬ್ಬಿರುವುದರಿಂದ, ದೂರದೇಶದ ಸೀಸೆಗಾಗಿ ಮನೆಯ ಖರ್ಚನ್ನು ಹೆಚ್ಚಿಸುವ ಅಗತ್ಯ ತೋರದು.

ಪಿತ್ತಕೋಶದ ಕಲ್ಲು ಬೀಳುವುದೆಂದು ಉಪವಾಸದಲ್ಲಿ ಆಲಿವ್ ಎಣ್ಣೆಗೆ ನಿಂಬೆರಸ ಸೇರಿಸಿ ಕುಡಿಯುವವರೂ ಇದ್ದಾರೆ. ಹಾಗೆ ಹೊರಬಿದ್ದ ಹಸುರು ಉಂಡೆಗಳನ್ನು ಪರೀಕ್ಷಿಸಿದ ವರದಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಅವು ಕಲ್ಲುಗಳಲ್ಲ, ಎಣ್ಣೆಯಿಂದ ಕರುಳಿನಲ್ಲೇ ಉಂಟಾದ ಸಾಬೂನಿನಂಥ ಗಡ್ಡೆಗಳು. ನಿಜವಾಗಿ ಕಲ್ಲಿದ್ದವರಿಗೆ ಎಣ್ಣೆಯಿಂದ ಪಿತ್ತಕೋಶ ಸಂಕುಚಿಸಿ ತೀವ್ರ ನೋವು ಬರಬಹುದು.

ಶಕ್ತಿಯನ್ನರಿತು ತಪ

ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂದಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಯಾವ ಉಪವಾಸವನ್ನೂ ಹಿಡಿಯಬಾರದು. ಬೆವರು, ನಡುಕ, ಮಂಪರು ಕಂಡಕೂಡಲೆ ಸಕ್ಕರೆಯ ನೀರು ಕೊಡಬೇಕು. ಅಲ್ಲಿ ಎಣ್ಣೆ ಉಪಯೋಗಕ್ಕೆ ಬಾರದು. ವ್ರತಭಂಗಕ್ಕೆ ಗುರುಸನ್ನಿಧಿಯಲ್ಲಿ ಪ್ರಾಯಶ್ಚಿತ್ತವಿದೆ. ಹೋದ ಪ್ರಾಣಕ್ಕೆ ಇಲ್ಲ. ಗರ್ಭಿಣಿಯರು, ಎಳೆಯ ಮಕ್ಕಳ ತಾಯಂದಿರು, ಬೆಳೆಯುವ ಹುಡುಗ-ಹುಡುಗಿಯರು ತೂಕಕ್ಕಾಗಿ ಅನ್ನ ಬಿಡುವುದು ಸಲ್ಲದು. ಈ ಭಾಗದ ಬಿರುಬೇಸಿಗೆಯಲ್ಲಿ ನೀರನ್ನೂ ಬಿಡುವ ವೃದ್ಧರ ಮೇಲೆ ಮನೆಯವರ ಕಣ್ಣಿರಬೇಕು.

ಆರೋಗ್ಯಾಪೇಕ್ಷಿಗಳಿಗೂ ಶಾಸ್ತ್ರದಲ್ಲಿ ದಾರಿಯಿದೆ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯಕ್ಕೆ ಪೂಜ್ಯಪಾದರು ಹೇಳಿದ ಪ್ರಯೋಜನಗಳಲ್ಲಿ ದೋಷಶಮನ, ಸಂತೋಷ, ಸುಖವಾದ ಸ್ವಾಧ್ಯಾಯಗಳು ಸೇರಿವೆ. ರಾತ್ರಿಭೋಜನ ತ್ಯಾಗವನ್ನು ನೆಮ್ಮಿದ ಮನೆಯಲ್ಲಿ ಸಂಜೆ 6ಕ್ಕೆ ಊಟ ಮುಗಿದು ಬೆಳಿಗ್ಗೆ 8ಕ್ಕೆ ಉಪಾಹಾರವಾದರೆ, ಯಾವ ಎಣ್ಣೆಯೂ ಇಲ್ಲದೆ 14 ಗಂಟೆಗಳ ವಿರಾಮ ದೊರೆಯುತ್ತದೆ. ಚೀನಾ ದೇಶದಲ್ಲಿ 139 ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಿತವಾಗಿ ಉಂಡವರಿಗೂ, ಮಿತಿಯೊಡನೆ ಹೊತ್ತಿನ ಕಟ್ಟನ್ನೂ ಪಾಲಿಸಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಿತಾಹಾರವೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ತೂಕಕ್ಕಾಗಿ ಎಣ್ಣೆಯ ಪ್ರಯೋಗ ಮಾಡಬಯಸುವವರು ವೈದ್ಯರ ಸಲಹೆಯಿಂದ ಬೇರೆ ದಿನಗಳಲ್ಲಿ ಮಾಡಲಿ. ಅದನ್ನು ಪಥ್ಯವೆಂದು ಕರೆಯಲಿ. ಅಷ್ಟಮಿ, ಚತುರ್ದಶಿಗಳಂದು ಪೂರ್ಣ ಉಪವಾಸ ಸಾಧ್ಯವಾಗದವರು ಏಕಭುಕ್ತವನ್ನಾದರೂ, ಒಂದು ರಸದ ತ್ಯಾಗವನ್ನಾದರೂ ಸಂಕಲ್ಪಪೂರ್ವಕ ಕೈಕೊಂಡು, ಉಳಿದ ಹೊತ್ತನ್ನು ಜಿನಪೂಜೆ, ಸ್ವಾಧ್ಯಾಯಗಳಲ್ಲಿ ಕಳೆಯುವುದು ಉಚಿತ.