ಕೈಗೆ ಕೆಲಸ, ಕಿವಿಗೆ ಪಾಡ್‌ಕಾಸ್ಟ್: ಗಳಿಕೆಗೆ ಒಂಬತ್ತು ಸೂತ್ರಗಳು

ಪಾಡ್‌ಕಾಸ್ಟ್‌ನಿಂದ ದುಡ್ಡು ಬರುತ್ತದೆಯೇ ಎಂದು ಕೇಳುವವರು ಈಗ ಊರೂರಲ್ಲೂ ಇದ್ದಾರೆ. ಬರುತ್ತದೆ. ಅದಕ್ಕೆ ಲಕ್ಷ ಕೇಳುಗರು ಬೇಕಿಲ್ಲ, ನಿಮ್ಮ ಮಾತಿಗೆ ಕಾಯುವ ಐನೂರು ಮಂದಿಯಿಂದ ಶುರು ಮಾಡಬಹುದು. ಉದಾಹರಣೆಗೆ, ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ಪಾಡ್‌ಕಾಸ್ಟ್ ಮಾಡಲು ಹೊರಟಿದ್ದೀರಿ ಎಂದಿಟ್ಟುಕೊಳ್ಳೋಣ.

1. ಕೇಳುಗ ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ. ‘ಕೃಷಿ’ ಎಂದರೆ ಯಾರ ಮುಖವೂ ಕಾಣುವುದಿಲ್ಲ. ತೀರ್ಥಹಳ್ಳಿಯಲ್ಲೋ ಶಿರಸಿಯಲ್ಲೋ ಮೂರು ಎಕರೆ ತೋಟ ಇಟ್ಟುಕೊಂಡವರು ಎಂದರೆ ಕಾಣುತ್ತದೆ. ಕೊಳೆರೋಗ, ಎಲೆಚುಕ್ಕಿ, ಕೊಯ್ಲಿಗೆ ಆಳು ಸಿಗದ ಕಷ್ಟ, ರಾಶಿ ಅಡಿಕೆಯ ದರ: ಇವಿಷ್ಟರಲ್ಲೇ ಒಂದು ವರ್ಷಕ್ಕಾಗುವಷ್ಟು ಸಂಚಿಕೆಗಳಿವೆ.

2. ಅವರ ಹೊತ್ತು ತಿಳಿಯಿರಿ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಕೈಗೆ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ; ಕಿವಿ ಮಾತ್ರ ನಿಮ್ಮದು. ಪಾಡ್‌ಕಾಸ್ಟ್ ಹುಟ್ಟಿರುವುದೇ ಇಂಥವರಿಗೆ. ಆಗ ಒಂದು ಗಂಟೆಯ ಮಾತುಕತೆಯೂ ನಡೆಯುತ್ತದೆ. ಬೋರ್ಡೋ ದ್ರಾವಣದ ಸಂಚಿಕೆ ಮಾತ್ರ ಮುಂಗಾರಿಗೆ ಮೊದಲೇ ಬರಬೇಕು, ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಮಳೆ ಹಿಡಿದ ಮೇಲೆ ಬಂದರೆ ಯಾರಿಗೂ ಉಪಯೋಗವಿಲ್ಲ.

3. ದುಡ್ಡನ್ನು ಮೈಕಿಗೆ ಹಾಕಿ, ಕ್ಯಾಮೆರಾಕ್ಕಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅವರಿಗೆ ಪ್ರಸಾರಯಂತ್ರ ಬೇಕಿತ್ತು. ನಿಮಗೆ ಒಂದು ಯುಎಸ್‌ಬಿ ಡೈನಮಿಕ್ ಮೈಕ್, ಒಂದು ಲ್ಯಾಪ್‌ಟಾಪ್ ಸಾಕು. ಡೈನಮಿಕ್ ಮೈಕ್ ಸುತ್ತಲಿನ ಸದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಬಟ್ಟೆಯ ಬೀರು, ಹಾಸಿಗೆ ಇರುವ ಕೋಣೆಯಲ್ಲಿ ಕೂತರೆ ಪ್ರತಿಧ್ವನಿ ಕಡಿಮೆ. ಫ್ಯಾನ್ ಆರಿಸಿ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಹೆಚ್ಚು ಅಂತರ ಬೇಡ. ಸಂಕಲನಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಇದೆ. ಧ್ವನಿಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ ಆಸುಪಾಸಿನಲ್ಲಿದ್ದರೆ ಕೇಳುಗರು ಪದೇ ಪದೇ ವಾಲ್ಯೂಮ್ ತಿರುವಬೇಕಾಗದು.

4. ನಿಮ್ಮ ಊರಿನ ಕನ್ನಡದಲ್ಲೇ ಮಾತಾಡಿ. ವಾರ್ತೆ ಓದುವವರ ದನಿ ತೋಟದವರಿಗೆ ಬೇಡ.

5. ಫೀಡ್ ನಿಮ್ಮ ಕೈಯಲ್ಲಿರಲಿ. ಪಾಡ್‌ಕಾಸ್ಟ್ ಹರಡುವುದು ಆರ್‌ಎಸ್‌ಎಸ್ ಫೀಡ್ ಮೂಲಕ. ನಿಮ್ಮ ಸಂಚಿಕೆಗಳನ್ನಿಡುವ ಸಂಸ್ಥೆ, ಬೇಕೆಂದಾಗ ಫೀಡನ್ನು ಬೇರೆಡೆಗೆ ಒಯ್ಯಲು ಬಿಡುತ್ತದೆಯೇ ಎಂದು ಮೊದಲೇ ನೋಡಿ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿತು. ಆದರೂ ಅದರಲ್ಲಿದ್ದ ಕಾರ್ಯಕ್ರಮಗಳು ಅಳಿಯಲಿಲ್ಲ. ಅದೇ ಫೀಡ್‌ಗಳನ್ನು ಕೇಳುಗರು ಬೇರೆ ಆ್ಯಪ್‌ಗಳಲ್ಲಿ ಹಿಡಿದರು. ಸ್ಪಾಟಿಫೈ, ಆ್ಯಪಲ್, ಯೂಟ್ಯೂಬ್ ಮೂರಕ್ಕೂ ಸಂಚಿಕೆ ಹೋಗಲಿ. ಹಳ್ಳಿಗಳಲ್ಲಿ ಅದನ್ನು ಮನೆಮನೆಗೆ ಮುಟ್ಟಿಸುವುದು ವಾಟ್ಸ್‌ಆ್ಯಪ್ ಗುಂಪುಗಳು. ಸಂಚಿಕೆಯ ಒಂದು ನಿಮಿಷದ ತುಣುಕನ್ನು ಅಲ್ಲಿ ಹಾಕಿ.

6. ಮೂರು ಸಂಚಿಕೆ ಸಿದ್ಧವಾಗುವವರೆಗೆ ಮೊದಲನೆಯದನ್ನು ಬಿಡಬೇಡಿ. ಹದಿನೈದು ದಿನಕ್ಕೊಂದಾದರೂ ಸರಿ, ಹೇಳಿದ ವಾರ ತಪ್ಪದಿರಲಿ.

7. ಬೇರೆಯವರದನ್ನು ಬಳಸುವ ಮುನ್ನ ಹಕ್ಕು ನೋಡಿ. ಸಿನಿಮಾ ಹಾಡಿನ ತುಣುಕು ಹಾಕಿದರೆ ಹಕ್ಕಿನ ತಕರಾರು ಬರುತ್ತದೆ, ಬರಬೇಕಾದ ಆದಾಯ ಬೇರೆಯವರ ಪಾಲಾಗಬಹುದು. ಕಥೆ ಓದುವ ಪಾಡ್‌ಕಾಸ್ಟ್‌ನವರಂತೂ ಇದನ್ನು ನೆನಪಿಡಲೇಬೇಕು: ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೂ ಅವರು ಪ್ರಕಟಿಸಿದ ಕೃತಿಗಳಿಗೆ ಕೃತಿಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳನ್ನು ಓದಲು ಅಡ್ಡಿಯಿಲ್ಲ. ಮಾಸ್ತಿಯವರು ಹೋದದ್ದು 1986ರಲ್ಲಿ. ಅವರ ಕಥೆಗೆ ಅನುಮತಿ ಬೇಕು.

8. ಹಣವನ್ನು ಹತ್ತಿರದಿಂದ ಹುಡುಕಿ. ಹೆಚ್ಚಿನವರು ಯೂಟ್ಯೂಬ್ ಜಾಹೀರಾತನ್ನೇ ನೆಚ್ಚಿ ಕೂರುತ್ತಾರೆ. ಅದರ ಪೂರ್ಣ ಪಾಲಿಗೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. ಆಮೇಲೆ ಉದ್ದದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ. 55 ನಿಮ್ಮದು. ಐನೂರು ಕೇಳುಗರ ಕಾರ್ಯಕ್ರಮಕ್ಕೆ ಅದರಿಂದ ಬರುವುದು ಪುಡಿಗಾಸು. ಅದೇ ಐನೂರರಲ್ಲಿ ಐವತ್ತು ಮಂದಿ ತಿಂಗಳಿಗೆ ನೂರು ರೂಪಾಯಿ ಯುಪಿಐ ಮಾಡಿದರೆ 5,000 ರೂಪಾಯಿ ಆಯಿತು. ಅವರಿಗೆ ತಿಂಗಳಿಗೊಮ್ಮೆ ತಜ್ಞರೊಡನೆ ಆನ್‌ಲೈನ್ ಪ್ರಶ್ನೋತ್ತರ ಇಟ್ಟರೆ ಕೊಟ್ಟ ಹಣ ಭಾರವಾಗದು. ಇನ್ನೊಂದು ದಾರಿ ಪ್ರಾಯೋಜಕರದು. ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಮಾರುವವರಿಗೆ ಬೇಕಾದವರು ನಿಮ್ಮ ಕೇಳುಗರೇ. ಸೋಪಿನ ಕಂಪನಿ ಕೇಳುಗರ ತಲೆ ಎಣಿಸುತ್ತದೆ. ದೋಟಿಯವರು ಎಷ್ಟು ತೋಟಗಳಿಗೆ ಮಾತು ಮುಟ್ಟಿತೆಂದು ಕೇಳುತ್ತಾರೆ. ಆದ್ದರಿಂದ ಒಂದು ಸಂಚಿಕೆಯ ಬದಲು ಇಡೀ ಹಂಗಾಮಿಗೆ ದರ ಮಾತಾಡಿ. ನರ್ಸರಿಗಳು, ಸಹಕಾರ ಸಂಘಗಳನ್ನೂ ಕೇಳಿ ನೋಡಿ. ಧ್ವನಿ ಸಂಕಲನ ಕೈಗೆ ಹತ್ತಿದ ಮೇಲೆ ಬೇರೆಯವರ ಪಾಡ್‌ಕಾಸ್ಟ್ ಮಾಡಿಕೊಟ್ಟು ಸಂಪಾದಿಸುವುದೂ ಗೌರವದ ಕೆಲಸವೇ.

ಹಣ ಪಡೆದಿದ್ದರೆ ಸಂಚಿಕೆಯ ಆರಂಭದಲ್ಲೇ ಹೇಳಿ. ಔಷಧಿ ಕಂಪನಿಯ ಪ್ರಾಯೋಜಕತ್ವ ಇರುವ ಸಂಚಿಕೆಯಲ್ಲಿ ಅದೇ ಔಷಧಿಯನ್ನು ನೀವೇ ಶಿಫಾರಸು ಮಾಡಬೇಡಿ. ನಿಮ್ಮ ಮಾತು ನಂಬಿ ಹೊಡೆದ ಔಷಧಿಯಿಂದ ಬೆಳೆ ಹಾಳಾದರೆ ಆ ಮನೆಯ ಒಂದು ವರ್ಷದ ಅನ್ನ ಹೋದಂತೆ.

9. ಲೆಕ್ಕ ಬೇರೆಯಿಡಿ. ಪಾಡ್‌ಕಾಸ್ಟ್‌ಗೆಂದೇ ಒಂದು ಬ್ಯಾಂಕ್ ಖಾತೆ ಇರಲಿ. ಪ್ರಾಯೋಜಕರು ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ಸಲ್ಲಿಸುವಾಗ ಅದನ್ನು ತೋರಿಸಿ. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಕೇಳುಗರು ಪ್ರೀತಿಯಿಂದ ಕಳಿಸಿದ ನೂರು ರೂಪಾಯಿಯನ್ನೂ ಆದಾಯದ ಪಟ್ಟಿಯಲ್ಲಿ ಬರೆದಿಡಿ.